ಮೋಟರ್‌ಹೋಮ್‌ಗೆ ಎಲ್‌ಇಡಿ ಹಾಕುವ ಮುನ್ನ ವೋಲ್ಟೇಜ್ ನೋಡಿ

ಯುರೋಪಿನಲ್ಲಿ ಹಳೆ ಮೋಟರ್‌ಹೋಮ್ (ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳುವ ಗಾಡಿ) ತಗೊಂಡವರು ಮೊದಲು ಒಳಗಿನ ಹ್ಯಾಲೋಜನ್ ಬಲ್ಬ್‌ಗಳನ್ನು ಬದಲಿಸಿ. ನಮ್ಮ ಗಾಡಿಯಲ್ಲಿ 10 ವಾಟಿನ ಆರು ಜಿ4 (ಎರಡು ಪಿನ್ನಿನ ಪುಟ್ಟ) ಬಲ್ಬ್ ಇದ್ದವು. ಎಲ್ಲ ಹಾಕಿದರೆ 5 ಆಂಪಿಯರ್, ಅಂದರೆ ನಾಲ್ಕು ಗಂಟೆಗೆ ಗಾಡಿಯ 12 ವೋಲ್ಟ್ ಬ್ಯಾಟರಿಯಿಂದ 20 ಆಂಪಿಯರ್-ಅವರ್ ಖಾಲಿ. ಈಗ 2 ವಾಟಿನ ಆರು ಎಲ್‌ಇಡಿಗೆ ಅಷ್ಟೇ ಹೊತ್ತಿಗೆ ಬರೀ 4 ಆಂಪಿಯರ್-ಅವರ್ ಸಾಕು.

ಆದರೆ ಸುಮ್ನೆ ‘12 ವೋಲ್ಟ್’ ಅಂತ ಬರೆದದ್ದನ್ನು ತಗೋಬೇಡಿ. ಚಾರ್ಜ್ ಆಗುವಾಗ ವೋಲ್ಟೇಜ್ 14.4ರವರೆಗೂ ಏರುತ್ತದೆ. ನಾನು ಮೊದಲು ಹಾಕಿದ ಅಗ್ಗದ ಬಲ್ಬ್‌ಗಳಲ್ಲಿ ಎರಡು, ವಾರದೊಳಗೆ ಮಿಣಮಿಣ ಅಂದು ಕೆಟ್ಟವು. ಅಡುಗೆ ಕಟ್ಟೆ ಮೇಲಿನದಂತೂ ತಳದಲ್ಲಿ ಕಪ್ಪಗಾಗಿತ್ತು. 10ರಿಂದ 30 ವೋಲ್ಟ್ ತಡೆಯುವಂಥದ್ದೇ ಕೇಳಿ, ಬೆಲೆ ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ.

ಹಳೇ ಬಲ್ಬ್ ತಣ್ಣಗಾದ ಮೇಲೆ ಕಿತ್ತು, ಹೊಸದರ ಪಿನ್ ಹಿಂಬದಿಗೆ ಬೇಕಾ, ಪಕ್ಕಕ್ಕೆ ಬೇಕಾ ನೋಡಿಕೊಳ್ಳಿ. ಹಾಕಿದಾಗ ಉರಿಯದಿದ್ದರೆ ತಿರುಗಿಸಿ ಹಾಕಿ. ಕೆಲವಕ್ಕೆ ಪ್ಲಸ್-ಮೈನಸ್ ಸರಿಯಾಗಿ ಕೂರಬೇಕು. ಬಣ್ಣ 2700 ಕೆಲ್ವಿನ್, ಅಂದರೆ ಹಳದಿ ಛಾಯೆಯದು, ಇರಲಿ. ಮಲಗುವ ಜಾಗದಲ್ಲಿ ಬಿಳಿ ಬೆಳಕು ಕಣ್ಣಿಗೆ ಚುಚ್ಚುತ್ತದೆ, ಅಲ್ವಾ?