ಹಳೆ ಲೇತಿಗೊಂದು ಸ್ಮಾರ್ಟ್ ಕಣ್ಣು

ಪೀಣ್ಯದಲ್ಲಿ ನನ್ನದು ಆರು ಮೆಷಿನ್‌ಗಳ ಸಣ್ಣ ವರ್ಕ್‌ಶಾಪ್. ಮೆಷಿನ್‌ಗಳನ್ನು ಇಂಟರ್ನೆಟ್ಟಿಗೆ ಜೋಡಿಸಿ ಅವುಗಳ ಮಾಹಿತಿಯಿಂದ ಕೆಲಸ ನಡೆಸೋದಕ್ಕೆ ‘ಇಂಡಸ್ಟ್ರಿ 4.0’ ಅನ್ನೋ ಹೆಸರು 2011ರಲ್ಲಿ ಜರ್ಮನಿಯ ಹ್ಯಾನೋವರ್ ಮೇಳದಲ್ಲಿ ಹೊರಬಿತ್ತು. 2014ರಲ್ಲಿ ಅಮೆರಿಕದ ಕಂಪನಿಗಳು ಇಂಡಸ್ಟ್ರಿಯಲ್ ಇಂಟರ್ನೆಟ್ ಅಂತ ಒಕ್ಕೂಟ ಕಟ್ಟಿದವು. ಮರುವರ್ಷ ಚೀನಾ ‘ಮೇಡ್ ಇನ್ ಚೀನಾ 2025’ ಅನ್ನೋ ಕೈಗಾರಿಕಾ ಯೋಜನೆ ತಂದಿತು. ನಮ್ಮ ಶೆಡ್ಡಿಗೆ ಇಂಡಸ್ಟ್ರಿ 4.0 ಬಂದಿದ್ದು ಮೆಷಿನ್ ಎಷ್ಟು ಕರೆಂಟ್ ಎಳೆಯುತ್ತದೆ ಅಂತ ಅಳೆಯುವ ಒಂದು ಕರೆಂಟ್ ಸೆನ್ಸರ್ ರೂಪದಲ್ಲಿ.

ನೀವೂ ಅಲ್ಲಿಂದಲೇ ಶುರು ಮಾಡಿ. ಎಲ್ಲ ಮೆಷಿನ್‌ಗೂ ಒಟ್ಟಿಗೆ ಬೇಡ, ಕೆಲಸಕ್ಕಾಗಿ ಜಾಸ್ತಿ ಕಾಯುವಂತೆ ಮಾಡುವ ಒಂದನ್ನು ಆರಿಸಿ. ಮೇನ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಕೈಯಲ್ಲೇ ಪ್ಯಾನೆಲ್ ತೆರೆಸಿ. ಕ್ಲಿಪ್ಪಿನಂತೆ ವೈರಿನ ಸುತ್ತ ಸಿಕ್ಕಿಸುವ ಈ ಕ್ಲಾಂಪ್ ಸೆನ್ಸರನ್ನು ಮೋಟಾರಿನ ಒಂದೇ ಫೇಸ್ ವೈರಿಗೆ ಹಾಕಬೇಕು. ನಾನು ಮೊದಲ ದಿನ ಮೂರೂ ವೈರಿರುವ ಕೇಬಲ್ಲಿಗೇ ಸಿಕ್ಕಿಸಿದ್ದೆ. ಲೇತ್ ಗಿರಗಿರ ತಿರುಗುತ್ತಿದೆ, ಮೊಬೈಲಿನಲ್ಲಿ ಸೊನ್ನೆ! ಮೂರು ಫೇಸಿನ ಕರೆಂಟ್ ಒಂದನ್ನೊಂದು ಹೊಡೆದುಹಾಕುತ್ತದೆ, ಅಲ್ವಾ.

ಸೆನ್ಸರಿನ ಸಿಗ್ನಲ್ಲನ್ನು ಬೋರ್ಡ್ ಓದಬಲ್ಲ ಮಟ್ಟಕ್ಕೆ ಎತ್ತುವ ಸಣ್ಣ ಬಯಾಸ್ ಸರ್ಕ್ಯೂಟ್ ಮೂಲಕ ಇಎಸ್‌ಪಿ32 ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಕೊಡಿ, ಅದರಲ್ಲೇ ವೈಫೈ ಇದೆ. ಸುಮ್ನೆ ತಿರುಗುವಾಗ ಎಷ್ಟು ಆಂಪಿಯರ್, ಕಬ್ಬಿಣ ಕಡಿಯುವಾಗ ಎಷ್ಟು ಅಂತ ಬರೆದಿಟ್ಟುಕೊಳ್ಳಿ. ಎರಡರ ನಡುವೆ ಗೆರೆ ಹಾಕಿ. ಮೇಲಿದ್ದರೆ ಕೆಲಸ, ಕೆಳಗಿದ್ದರೆ ಖಾಲಿ ಓಟ. ಒಂದು ವಾರ ಯಾರಿಗೂ ಬೈಯದೆ ನೋಡಿ. ನಮ್ಮಲ್ಲಿ ಸಮಯ ತಿಂದದ್ದು ಹುಡುಗರ ಟೀ ಅಲ್ಲ, ಟೂಲ್ ಹುಡುಕಾಟ.