ಪ್ರಯೋಗಾಲಯದ ಇಲಿಗಳಲ್ಲಿ ಅಡಗಿರುವ ಬ್ಯಾಕ್ಟೀರಿಯಾ ಸೋಂಕನ್ನು ಪತ್ತೆಹಚ್ಚುವ ಬಗೆ

1990ರ ದಶಕದ ಆರಂಭದಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಫ್ರೆಡೆರಿಕ್ ಕೇಂದ್ರದಲ್ಲಿ ನಡೆದ ದೀರ್ಘಾವಧಿ ಪ್ರಯೋಗವೊಂದರಲ್ಲಿ, ಯಾವ ರಾಸಾಯನಿಕವನ್ನೂ ಕೊಡದೆ ಹೋಲಿಕೆಗೆಂದು ಇರಿಸಿದ್ದ ಇಲಿಗಳಲ್ಲೂ ಯಕೃತ್ತಿನ ಉರಿಯೂತ ಮತ್ತು ಗಡ್ಡೆಗಳು ಕಾಣಿಸಿಕೊಂಡವು. ಅದಕ್ಕೆ ಕಾರಣವಾಗಿದ್ದುದು ಅಲ್ಲಿಯವರೆಗೆ ಹೆಸರೇ ಇಲ್ಲದಿದ್ದ ಹೆಲಿಕೊಬ್ಯಾಕ್ಟರ್ ಹೆಪಾಟಿಕಸ್. ಇದೇ ಬ್ಯಾಕ್ಟೀರಿಯಾ ಸಿ57ಬಿಎಲ್/6 ತಳಿಯ ಇಲಿಯ ಕರುಳಿನಲ್ಲಿ ಸಾಮಾನ್ಯವಾಗಿ ಯಾವ ಲಕ್ಷಣವನ್ನೂ ತೋರದೆ ನೆಲೆಸಿರುತ್ತದೆ. ಆದ್ದರಿಂದ ಕೂದಲು ನುಣುಪಾಗಿದೆ, ಮೇವು ಸರಿಯಾಗಿ ತಿನ್ನುತ್ತಿದೆ ಎಂಬ ಕಾರಣಕ್ಕೆ ಇಲಿಗೆ ಸೋಂಕಿಲ್ಲವೆಂದು ತೀರ್ಮಾನಿಸಬಾರದು.

ಪರೀಕ್ಷೆಗೆ ಮೊದಲು ಯಾವ ಬ್ಯಾಕ್ಟೀರಿಯಾವನ್ನು ಹುಡುಕುತ್ತಿದ್ದೇವೆ, ಅದು ದೇಹದ ಯಾವ ಭಾಗದಲ್ಲಿರುತ್ತದೆ, ಹೇಗೆ ಹರಡುತ್ತದೆ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಅನೇಕ ಪ್ರಾಣಿಗೃಹಗಳಲ್ಲಿ ಇತರ ಪಂಜರಗಳ ಬಳಸಿದ ಹಾಸನ್ನು ಸೋಂಕು ಪತ್ತೆಗೆ ಕಾವಲಾಗಿ ಇರಿಸಿದ, ಸೋಂಕಿಲ್ಲದ ಸೆಂಟಿನಲ್ ಇಲಿಗಳ ಪಂಜರಕ್ಕೆ ಹಾಕಿ, ಸುಮಾರು ಮೂರು ತಿಂಗಳ ನಂತರ ಅವುಗಳನ್ನು ಪರೀಕ್ಷಿಸುವ ರೂಢಿಯಿದೆ. ಹಿಕ್ಕೆಯ ಮೂಲಕ ಹರಡುವ ಹೆಲಿಕೊಬ್ಯಾಕ್ಟರ್‌ನ ಮಟ್ಟಿಗೆ ಈ ಕ್ರಮ ಸಾಕಷ್ಟು ಫಲ ಕೊಡುತ್ತದೆ. ಆದರೆ ಹಿಂದೆ ಪಾಸ್ಚರೆಲ್ಲಾ ನ್ಯೂಮೊಟ್ರೋಪಿಕಾ ಎನ್ನಲಾಗುತ್ತಿದ್ದ, 2017ರಿಂದ ರೊಡೆಂಟಿಬ್ಯಾಕ್ಟರ್ ಕುಲಕ್ಕೆ ಸೇರಿರುವ ಬ್ಯಾಕ್ಟೀರಿಯಾಗಳು ಹಾಗೂ ಶ್ವಾಸಕೋಶವನ್ನು ಬಾಧಿಸುವ ಮೈಕೊಪ್ಲಾಸ್ಮಾ ಪಲ್ಮೋನಿಸ್ ಹಾಸಿನ ಮೂಲಕ ಸರಿಯಾಗಿ ಹರಡುವುದಿಲ್ಲ. ಇವುಗಳ ವಿಷಯದಲ್ಲಿ ಸೆಂಟಿನಲ್ ಇಲಿಯ ನೆಗೆಟಿವ್ ವರದಿಯನ್ನು ನೆಚ್ಚಿಕೊಳ್ಳುವುದು ಅಪಾಯಕಾರಿ ಎಂದು ನಾನು ಒತ್ತಿ ಹೇಳುತ್ತೇನೆ. ವಸಾಹತಿನ, ಅಂದರೆ ಒಟ್ಟಾಗಿ ಸಾಕಿದ ಗುಂಪಿನ, ಇಲಿಗಳ ಗಂಟಲಿನಿಂದಲೇ ಸ್ವಾಬ್ ತೆಗೆಯಬೇಕು. ಪ್ರತ್ಯೇಕ ಗಾಳಿ ಸಂಚಾರವಿರುವ ರ‍್ಯಾಕ್‌ಗಳಲ್ಲಿ ಹೊರಹೋಗುವ ಗಾಳಿಯ ದೂಳನ್ನು, ಬ್ಯಾಕ್ಟೀರಿಯಾದ ಡಿಎನ್‌ಎ ಗುರುತಿಸುವ ಪರೀಕ್ಷೆಯಾದ ಪಿಸಿಆರ್‌ಗೆ ಒಳಪಡಿಸುವುದೂ ಉತ್ತಮ ಉಪಾಯ, ಆದರೆ ಕೊಳವೆಗಳಲ್ಲಿ ಉಳಿದ ಹಳೆಯ ಡಿಎನ್‌ಎ ಫಲಿತಾಂಶವನ್ನು ಕೆಡಿಸದಂತೆ ಅವುಗಳನ್ನು ಮೊದಲು ಸ್ವಚ್ಛಗೊಳಿಸಿರಬೇಕು.

ಎಷ್ಟು ಇಲಿಗಳನ್ನು ಪರೀಕ್ಷಿಸಬೇಕೆಂಬುದಕ್ಕೆ ಲೆಕ್ಕವಿದೆ. ದೊಡ್ಡ ವಸಾಹತಿನಲ್ಲಿ ನೂರಕ್ಕೆ 30 ಇಲಿಗಳಿಗೆ ಸೋಂಕಿದ್ದರೆ, ಕನಿಷ್ಠ ಒಂದನ್ನಾದರೂ ಶೇ. 95ರ ಖಚಿತತೆಯಿಂದ ಹಿಡಿಯಲು 9 ಇಲಿಗಳು ಸಾಕು. ಸೋಂಕು ನೂರಕ್ಕೆ 10ರಷ್ಟೇ ಇದ್ದರೆ 29 ಬೇಕಾಗುತ್ತವೆ. ಇಲಿಗಳು ಪಂಜರಗಳಲ್ಲಿ ಬೇರ್ಪಟ್ಟಿರುವುದರಿಂದ ಒಂದೇ ಮೂಲೆಯ ಪಂಜರಗಳನ್ನು ಆರಿಸದೆ ಇಡೀ ಕೋಣೆಯಿಂದ ಮಾದರಿ ತೆಗೆಯಬೇಕು.

ಹಿಕ್ಕೆಯನ್ನು ಹಾಸಿನಿಂದ ಹೆಕ್ಕುವುದಕ್ಕಿಂತ ಇಲಿಯಿಂದಲೇ ನೇರವಾಗಿ ಪಡೆಯುವುದು ಲೇಸು. ಬಾಲದ ಬುಡವನ್ನು ಹಿಡಿದು, ಮುಂಗಾಲುಗಳು ಪಂಜರದ ಸರಳಿಗೆ ಆತುಕೊಳ್ಳುವಂತೆ ಬಿಟ್ಟರೆ ಹೆಚ್ಚಿನ ಇಲಿಗಳು ಕೆಲವೇ ಕ್ಷಣಗಳಲ್ಲಿ ಒಂದೆರಡು ಹಿಕ್ಕೆ ಹಾಕುತ್ತವೆ. ಅದನ್ನು ತೆರೆದಿಟ್ಟ ಶುಚಿಯಾದ ನಳಿಕೆಯಲ್ಲಿ ಹಿಡಿಯಬಹುದು. ಪಂಜರದಿಂದ ಪಂಜರಕ್ಕೆ ಹೋಗುವಾಗ ಕೈಗವಸು ಬದಲಿಸದಿದ್ದರೆ ಒಂದರ ಡಿಎನ್‌ಎ ಇನ್ನೊಂದಕ್ಕೆ ಅಂಟಿ, ಇಲ್ಲದ ಸೋಂಕು ಇದೆಯೆಂದು ತೋರುತ್ತದೆ. ಹಿಕ್ಕೆಯಲ್ಲಿರುವ ಕೆಲವು ವಸ್ತುಗಳು ಪಿಸಿಆರ್ ಕ್ರಿಯೆಯನ್ನೇ ತಡೆಯುವುದರಿಂದ ಪ್ರತಿ ಮಾದರಿಯ ಜೊತೆಗೂ ಕ್ರಿಯೆ ಸರಿಯಾಗಿ ನಡೆಯಿತೇ ಎಂದು ತೋರಿಸುವ ಆಂತರಿಕ ಕಂಟ್ರೋಲ್ ಇರಲೇಬೇಕು. ಆ್ಯಂಟಿಬಯಾಟಿಕ್ ಕೊಡುವುದಿದ್ದರೆ ಅದಕ್ಕೆ ಮೊದಲೇ ಮಾದರಿ ತೆಗೆದಿರಬೇಕು.

ವಿಜ್ಞಾನಿ ಟೈಜರ್ 1917ರಲ್ಲಿ ವಿವರಿಸಿದ ರೋಗಕ್ಕೆ ಕಾರಣವಾದ ಕ್ಲಾಸ್ಟ್ರಿಡಿಯಂ ಪಿಲಿಫಾರ್ಮೆ ಬ್ಯಾಕ್ಟೀರಿಯಾ ಬೆಳೆಸಲು ಬಳಸುವ ಸಾಮಾನ್ಯ ಆಗಾರ್ ಮೇಲೆ ಬೆಳೆಯುವುದೇ ಇಲ್ಲ. ಅಲ್ಲಿ ಎಲೈಸಾ, ಪಿಸಿಆರ್, ಇಲ್ಲವೆ ಸತ್ತ ಇಲಿಯ ಯಕೃತ್ತಿನ ತೆಳುಪದರಕ್ಕೆ ಬೆಳ್ಳಿಯ ಬಣ್ಣ ಹಾಕಿ ನೋಡುವುದು ಉಳಿದಿರುವ ದಾರಿ. ಎಲೈಸಾ ಪ್ರತಿಕಾಯಗಳನ್ನು ಗುರುತಿಸುವ ಪರೀಕ್ಷೆಯಾದ್ದರಿಂದ, ಪ್ರತಿಕಾಯಗಳನ್ನು ಸರಿಯಾಗಿ ತಯಾರಿಸಲಾಗದ ನ್ಯೂಡ್ (ಕೂದಲಿಲ್ಲದ) ಅಥವಾ ಸ್ಕಿಡ್ ತಳಿಯ ಇಲಿಗಳಲ್ಲಿ ಅದನ್ನು ನಂಬುವಂತಿಲ್ಲ. ನ್ಯೂಡ್ ಇಲಿಯ ಬೆನ್ನಿನ ಮೇಲೆ ತೌಡು ಉದುರಿಸಿದಂತೆ ಬಿಳಿ ಹೊಟ್ಟು ಕಂಡರೆ ಕೊರಿನೆಬ್ಯಾಕ್ಟೀರಿಯಂ ಬೋವಿಸ್ ಎಂದು ಶಂಕಿಸಿ, ಚರ್ಮದಿಂದಲೂ ಬಾಯಿಯೊಳಗಿನಿಂದಲೂ ಸ್ವಾಬ್ ತೆಗೆದು ಪಿಸಿಆರ್ ಮಾಡಿಸಬೇಕು. ಹೊಟ್ಟು ಕೆಲವು ದಿನಗಳಲ್ಲಿ ಮಾಯವಾದರೂ ಇಲಿ ಸೋಂಕನ್ನು ಹೊತ್ತಿರಬಹುದು.

ಪಾಸಿಟಿವ್ ವರದಿ ಬಂದ ಕೂಡಲೇ ಇಲಿಗಳನ್ನು ಕೊಲ್ಲಲು ಹೊರಡುವುದು ತಪ್ಪು. ಮೊದಲು ಆ ಕೋಣೆಯಿಂದ ಇಲಿಗಳ ಸಾಗಣೆ ನಿಲ್ಲಿಸಿ, ದಿನದ ಕೆಲಸದಲ್ಲಿ ಅದನ್ನು ಕೊನೆಗೆ ಪ್ರವೇಶಿಸುವಂತೆ ಏರ್ಪಡಿಸಿ, ಒಟ್ಟುಗೂಡಿಸಿದ ಮಾದರಿಯಾಗಿದ್ದರೆ ಒಂದೊಂದೇ ಪಂಜರದಿಂದ ಹೊಸದಾಗಿ ಮಾದರಿ ತೆಗೆದು, ಸಾಧ್ಯವಾದರೆ ಬೇರೊಂದು ವಿಧಾನದಿಂದ ಫಲಿತಾಂಶವನ್ನು ದೃಢಪಡಿಸಿಕೊಳ್ಳಬೇಕು. ದೃಢಪಟ್ಟ ದಿನಾಂಕದ ಜೊತೆಗೆ ಹಿಂದಿನ ನೆಗೆಟಿವ್ ವರದಿಯ ದಿನಾಂಕವನ್ನೂ ದಾಖಲೆ ಪುಸ್ತಕದಲ್ಲಿ ಬರೆಯಬೇಕು. ಆ ಎರಡರ ನಡುವೆ ನಡೆದ ಪ್ರಯೋಗಗಳ ಫಲಿತಾಂಶಗಳನ್ನು ಸಂಶೋಧಕರು ಮತ್ತೊಮ್ಮೆ ಪರಿಶೀಲಿಸಬೇಕಾಗುತ್ತದೆ.