ಸೀಸದ ಪರೀಕ್ಷೆಗೆ ರಕ್ತ ಕೊಡುವ ಮುನ್ನ

ಬಳ್ಳಾರಿಯಲ್ಲಿ ಬ್ಯಾಟರಿ ರಿಪೇರಿ ಮಾಡುವವರು, ಹಳೇ ಬ್ಯಾಟರಿ ಒಡೆಯುವವರು ಸೀಸದ ಪರೀಕ್ಷೆಗೆ ರಕ್ತ ಕೊಡುವುದಿದ್ದರೆ ಕೆಲಸ ನಡೆಯುತ್ತಿರುವ ದಿನಗಳಲ್ಲೇ ಕೊಡಿ. ಆದರೆ ಸ್ನಾನ ಮಾಡಿ, ಬಟ್ಟೆ ಬದಲಿಸಿ ಹೋಗಿ. ಬೆರಳು ಚುಚ್ಚಿಸಿಕೊಳ್ಳಬೇಡಿ, ತೋಳಿನ ರಕ್ತನಾಳದಿಂದಲೇ ತೆಗೆಸಿ. ಚರ್ಮದ ಮೇಲಿನ ಧೂಳು ಸೇರಿದರೆ ಲೆಕ್ಕ ಸುಮ್ನೆ ಜಾಸ್ತಿ ತೋರಿಸುತ್ತದೆ. ಇನ್ನು, ಕೆಲಸ ನಿಂತ ಮೇಲೆ ರಕ್ತದಲ್ಲಿನ ಸೀಸ ಸುಮಾರು 30-35 ದಿನಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಸುಗ್ಗಿಗೆ ಅಂತ 2 ತಿಂಗಳು ಊರಲ್ಲಿದ್ದು ಬಂದು ಕೊಟ್ಟರೆ ಕಡಿಮೆ ಕಾಣುವುದೇ, ಅಲ್ವಾ? ವರ್ಷಗಳ ಹಿಂದೆ ಕೆಲಸ ಬಿಟ್ಟವರಿಗೆ ಮಾತ್ರ ಈ ಪರೀಕ್ಷೆ ಪೂರ್ತಿ ನಿಜ ಹೇಳುವುದಿಲ್ಲ, ಹಳೇ ಸೀಸ ಎಲುಬಿನಲ್ಲಿ ಕೂತಿರುತ್ತದೆ. ಸಂಡೂರಿನ ಮ್ಯಾಂಗನೀಸ್ ಗಣಿಯವರೂ ರಕ್ತದಲ್ಲಿನ ಮ್ಯಾಂಗನೀಸ್ ಲೆಕ್ಕವೊಂದನ್ನೇ ನಂಬಿ ಕೂರುವಂತಿಲ್ಲ. ಕೈ ನಡುಗಿದರೆ, ನಡಿಗೆ ಬದಲಾದರೆ ನರರೋಗದ ಡಾಕ್ಟರಿಗೆ ತೋರಿಸಿ.